ಮಾರಾಟದ ಆಟದಲ್ಲಿ ಪಣಕ್ಕಿಟ್ಟಿರುವುದು ಯಾರ ಹೆಸರು?

ತಿಂಗಳ ಕೊನೆಯ ವಾರ ಬಂತೆಂದರೆ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳ ಅಂಗಡಿ ಸಾಲುಗಳಲ್ಲಿ ಬೈಕ್ ಏರಿದ ಯುವಕರ ಓಡಾಟ ಹೆಚ್ಚುತ್ತದೆ. ಸಾಬೂನು, ಬಿಸ್ಕತ್ತು, ಔಷಧ, ಬಿತ್ತನೆ ಬೀಜ, ಮೊಬೈಲ್ ಸಿಮ್, ವಿಮೆ, ಸಾಲ ಹೀಗೆ ಮಾರುವ ಸರಕು ಬೇರೆ ಬೇರೆ. ಅವಸರ ಮಾತ್ರ ಒಂದೇ. ಟಾರ್ಗೆಟ್ ಮುಟ್ಟಬೇಕು. ಹಿಂದೆ ಈ ಅವಸರವನ್ನು ಹುಟ್ಟಿಸುತ್ತಿದ್ದುದು ಮೇಲಧಿಕಾರಿಯ ದೂರವಾಣಿ ಕರೆ. ಈಗ ಆ ಕೆಲಸವನ್ನು ಬಹುಮಟ್ಟಿಗೆ ಜೇಬಿನಲ್ಲಿರುವ ಮೊಬೈಲೇ ಮಾಡುತ್ತದೆ. ಬಿಲ್ಲೊಂದನ್ನು ದಾಖಲಿಸಿದೊಡನೆ ಪರದೆಯ ಮೇಲೆ ಅಂಕ ಏರುತ್ತದೆ. ಇಷ್ಟು ಅಂಗಡಿ ಪೂರೈಸಿದರೆ ಒಂದು ಪದಕ ಮಿನುಗುತ್ತದೆ. ಸಂಜೆಯ ಹೊತ್ತಿಗೆ ಇಡೀ ವಲಯದ ಪ್ರತಿನಿಧಿಗಳ ಶ್ರೇಯಾಂಕ ಪಟ್ಟಿ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುತ್ತದೆ. ಪಟ್ಟಿಯ ತುದಿಯಲ್ಲಿರುವವನಿಗೆ ಚಪ್ಪಾಳೆಯ ಚಿತ್ರಗಳು. ಬುಡದಲ್ಲಿರುವವನಿಗೆ ಮೌನ, ಇಲ್ಲವೇ ಮರುದಿನ ಬೆಳಗಿನ ವಿಚಾರಣೆ.

ಕೆಲಸಕ್ಕೆ ಆಟದ ವೇಷ ತೊಡಿಸುವ ಈ ಪದ್ಧತಿಯನ್ನು ನಿರ್ವಹಣಾಶಾಸ್ತ್ರದಲ್ಲಿ ‘ಗೇಮಿಫಿಕೇಶನ್’ ಎನ್ನುತ್ತಾರೆ. ಬ್ರಿಟನ್ನಿನ ಕಂಪ್ಯೂಟರ್ ತಂತ್ರಜ್ಞ ನಿಕ್ ಪೆಲ್ಲಿಂಗ್ 2002ರಲ್ಲಿ ಈ ಪದವನ್ನು ಟಂಕಿಸಿದರೂ ಅದು ಕಂಪನಿಗಳ ಸಭೆಗಳಲ್ಲಿ ವ್ಯಾಪಕವಾಗಿ ಕೇಳಿಬರತೊಡಗಿದ್ದು 2010ರ ನಂತರ. ಅಂಕ, ಪದಕ, ಶ್ರೇಯಾಂಕ ಪಟ್ಟಿ ಇವು ಅದರ ಮೂರು ಮುಖ್ಯ ಸಲಕರಣೆಗಳು. ಮಾರಾಟ ವಿಭಾಗಗಳು ಇದನ್ನು ಉತ್ಸಾಹದಿಂದ ಅಪ್ಪಿಕೊಂಡದ್ದು ಸಹಜವೇ ಆಗಿತ್ತು. ಉಳಿದ ಕೆಲಸಗಳನ್ನು ಅಳೆಯುವುದು ಕಷ್ಟ, ಮಾರಾಟಕ್ಕೆ ಸಂಖ್ಯೆ ಇದೆ. ಆದರೆ ಸಂಶೋಧನಾ ಸಂಸ್ಥೆ ಗಾರ್ಟ್ನರ್ 2012ರಲ್ಲಿಯೇ ಒಂದು ಎಚ್ಚರಿಕೆ ನೀಡಿತ್ತು. ಅಂದು ನಡೆಯುತ್ತಿದ್ದ ಇಂತಹ ಪ್ರಯೋಗಗಳ ಪೈಕಿ ಶೇ 80ರಷ್ಟು 2014ರ ವೇಳೆಗೆ ತಮ್ಮ ವ್ಯಾವಹಾರಿಕ ಗುರಿ ಮುಟ್ಟಲಾರವು, ಅದಕ್ಕೆ ಮುಖ್ಯ ಕಾರಣ ಕಳಪೆ ವಿನ್ಯಾಸ ಎಂದು ಅದು ಅಂದಾಜಿಸಿತ್ತು. ಆ ಎಚ್ಚರಿಕೆ ಕಂಪನಿಗಳಿಗೆ ಆಗಬಹುದಾದ ನಷ್ಟವನ್ನು ಕುರಿತದ್ದು. ಬಸವಕಲ್ಯಾಣದಂತಹ ಊರಿನಲ್ಲಿ ಆಟ ಕೆಟ್ಟರೆ ನಷ್ಟ ಬೀಳುವುದು ಬೇರೆಯವರ ಲೆಕ್ಕಕ್ಕೆ. ಅದು ಯಾರ ಲೆಕ್ಕ ಎಂಬುದನ್ನು ಯೋಚಿಸಬೇಕಾಗಿದೆ.

ಹೆಸರು ಹೊಸದಾದರೂ ಸಂಗತಿ ನಮಗೆ ಹೊಸದಲ್ಲ. ಬೀದರ್ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಎರಡು ತಿಂಗಳ ಹಿಂದೆ, ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ ಸ್ಥಾಪನೆಯಾಗಿತ್ತು. ಕಂಪ್ಯೂಟರ್ ಇಲ್ಲದ ಕಾಲದಿಂದಲೂ ನಿಗಮದ ಏಜೆಂಟರಿಗೆ ಬ್ರಾಂಚ್ ಮ್ಯಾನೇಜರ್ ಕ್ಲಬ್, ಡಿವಿಜನಲ್ ಮ್ಯಾನೇಜರ್ ಕ್ಲಬ್, ಜೋನಲ್ ಮ್ಯಾನೇಜರ್ ಕ್ಲಬ್, ಚೇರ್ಮನ್ ಕ್ಲಬ್ ಎಂಬ ಮೆಟ್ಟಿಲುಗಳಿವೆ. ಅದಕ್ಕೂ ಮೇಲೆ ‘ಮಿಲಿಯನ್ ಡಾಲರ್ ರೌಂಡ್ ಟೇಬಲ್’ ಇದೆ. 1927ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ 32 ಮಂದಿ ವಿಮಾ ಮಾರಾಟಗಾರರು ಸೇರಿ ಕಟ್ಟಿದ ಆ ಕೂಟದ ಸಂಕ್ಷಿಪ್ತ ಹೆಸರು ಇಂದು ನಮ್ಮ ತಾಲ್ಲೂಕು ಕೇಂದ್ರಗಳ ಏಜೆಂಟರ ನಾಮಫಲಕಗಳ ಮೇಲೂ ಹೊಳೆಯುತ್ತದೆ. ಮೆಟ್ಟಿಲು, ಪದವಿ, ಫಲಕ, ವೇದಿಕೆಯ ಮೇಲೆ ಶಾಲು ಹೊದಿಸುವ ಸನ್ಮಾನ ಇವೆಲ್ಲ ಆಟದ ಅಂಗಗಳೇ. ಹಿಂದೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಈ ಲೆಕ್ಕ ಈಗ ಗಂಟೆಗೊಮ್ಮೆ ನಡೆಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಆದರೆ ಆ ವ್ಯತ್ಯಾಸ ಸಣ್ಣದಲ್ಲ.

ಇಂತಹ ಆಟಗಳಿಂದ ಏನೂ ಪ್ರಯೋಜನವಿಲ್ಲ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಮಾರಾಟ ಒಂಟಿತನದ ಕೆಲಸ. ಹುಮನಾಬಾದಿನಿಂದ ಹೊರಟ ಪ್ರತಿನಿಧಿಯೊಬ್ಬ ಚಿಟಗುಪ್ಪ, ಹಳ್ಳಿಖೇಡಗಳನ್ನು ಸುತ್ತಿ ಬರುವಷ್ಟರಲ್ಲಿ ‘ಬೇಡ’, ‘ನಾಳೆ ಬಾ’, ‘ಮಾಲಕರಿಲ್ಲ’ ಎಂಬ ಮಾತುಗಳನ್ನು ಹತ್ತಾರು ಬಾರಿ ಕೇಳಿರುತ್ತಾನೆ. ಒಂದೇ ಬೀದಿಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮಾತನಾಡಿ ಮೂರು ಅಂಗಡಿಯವರನ್ನು ಒಲಿಸಿಕೊಳ್ಳುವ ಅವನ ಜಾಣ್ಮೆಯನ್ನು ನೋಡಿ ಭೇಷ್ ಎನ್ನಲು ಅಲ್ಲಿ ಯಾರೂ ಇರುವುದಿಲ್ಲ. ದಿನದ ಕೊನೆಗೆ ತನ್ನ ಶ್ರಮ ಎಲ್ಲಿಗೆ ಮುಟ್ಟಿತು ಎಂದು ತೋರಿಸುವ ಒಂದು ಗೆರೆ, ಸಹೋದ್ಯೋಗಿಯಿಂದ ಒಂದು ಅಭಿನಂದನೆ ಅವನಿಗೆ ಬೇಕು. ಅದರಲ್ಲೂ ಪದವಿ ಮುಗಿಸಿ ಮೊದಲ ಬಾರಿ ದುಡಿಮೆಗೆ ಇಳಿದವನಿಗೆ ದೊಡ್ಡ ಗುರಿಯನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಕೊಡುವ ವ್ಯವಸ್ಥೆ ಧೈರ್ಯ ತುಂಬುತ್ತದೆ. ಆಟದಲ್ಲಿ ಈ ಗುಣ ನಿಜವಾಗಿಯೂ ಇದೆ.

ಆದರೆ ಬಹುಮಾನಕ್ಕೆ ಇನ್ನೊಂದು ಗುಣವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನೇ. ಕೆಲವು ಮಕ್ಕಳಿಗೆ ‘ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮುಂಚಿತವಾಗಿಯೇ ಹೇಳಲಾಯಿತು. ಇನ್ನು ಕೆಲವರಿಗೆ ಹೇಳದೆ ಕೊಡಲಾಯಿತು. ಮತ್ತೆ ಕೆಲವರಿಗೆ ಕೊಡಲೇ ಇಲ್ಲ. ಕೆಲವು ದಿನಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದಾಗ, ಬಹುಮಾನದ ಆಸೆ ತೋರಿಸಲಾಗಿದ್ದ ಮಕ್ಕಳು ಉಳಿದವರಿಗಿಂತ ಸರಿಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಸ್ವಂತ ಇಷ್ಟದಿಂದ ಮಾಡುತ್ತಿದ್ದ ಕೆಲಸ ಬಹುಮಾನದ ಕೆಲಸವಾಯಿತು. ಬಹುಮಾನ ಹೋದಾಗ ಇಷ್ಟವೂ ಕುಗ್ಗಿತು.

ಮಕ್ಕಳ ಮಾತು ದೊಡ್ಡವರಿಗೆ ಸಲ್ಲದು ಎನ್ನುವವರು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ನೋಡಬಹುದು. ಟಿಮೋತಿ ಗಬ್ಲರ್, ಇಯಾನ್ ಲಾರ್ಕಿನ್ ಮತ್ತು ಲಾಮರ್ ಪಿಯರ್ಸ್ ಅಮೆರಿಕದ ದೊಡ್ಡ ಲಾಂಡ್ರಿಯೊಂದರಲ್ಲಿ ಸಮಯಕ್ಕೆ ಸರಿಯಾಗಿ ಹಾಜರಾಗುವವರಿಗೆ ಬಹುಮಾನ ಕೊಡುವ ಯೋಜನೆಯನ್ನು ಪರಿಶೀಲಿಸಿದರು. ಕೆಲವರು ನಿಯಮದ ಸಂದುಗಳನ್ನು ಹುಡುಕಿ, ಬಹುಮಾನದ ಅರ್ಹತೆ ಉಳಿಯುವ ಹಾಗೆ ಹಾಜರಾತಿಯನ್ನು ಹೊಂದಿಸಿಕೊಂಡರು. ಯಾವ ಬಹುಮಾನವೂ ಇಲ್ಲದೆ ಮೊದಲಿನಿಂದಲೂ ಸಮಯಪಾಲನೆ ಮಾಡುತ್ತಿದ್ದವರ ಉತ್ಸಾಹ ಕುಂದಿತು. ಒಟ್ಟಾರೆ ಉತ್ಪಾದಕತೆ ಶೇ 1.4ರಷ್ಟು ಇಳಿಯಿತು. ಅಂದರೆ, ಬಹುಮಾನದ ಯೋಜನೆಯಿಂದ ಹೆಚ್ಚು ನೊಂದವರು ಸಂಸ್ಥೆಯ ಅತ್ಯುತ್ತಮ ನೌಕರರೇ. ಹೇಳದೆಯೇ ಚೆನ್ನಾಗಿ ದುಡಿಯುವವನು ಅಂಕಪಟ್ಟಿಯ ಮುಂದೆ ಅನಾಮಿಕನಾಗಿಬಿಡುತ್ತಾನೆ.

ಆಟ ಎಂಬ ಮಾತಿನ ಅರ್ಥವನ್ನೂ ಇಲ್ಲಿ ಗಮನಿಸಬೇಕು. ಚೌಕಾಬಾರಾ ಆಗಲಿ, ಚಿನ್ನಿದಾಂಡು ಆಗಲಿ, ಆಡುವವನು ತಾನಾಗಿ ಬಂದು ಸೇರುತ್ತಾನೆ, ಸಾಕೆನಿಸಿದಾಗ ಏಳುತ್ತಾನೆ. ಸೋತರೆ ಹೋಗುವುದು ಆ ಹೊತ್ತಿನ ಗೆಲುವು ಮಾತ್ರ, ಮನೆಯ ಅಕ್ಕಿಯಲ್ಲ. ಈ ಸ್ವಯಿಚ್ಛೆ ಎಷ್ಟು ಮುಖ್ಯ ಎಂಬುದನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯ ಈಥನ್ ಮೊಲಿಕ್ ಮತ್ತು ನ್ಯಾನ್ಸಿ ರಾಥ್‌ಬಾರ್ಡ್ ಮಾರಾಟ ಸಿಬ್ಬಂದಿಯ ನಡುವೆಯೇ ನಡೆಸಿದ ಪ್ರಯೋಗದಲ್ಲಿ ಕಂಡರು. ಬ್ಯಾಸ್ಕೆಟ್‌ಬಾಲ್ ಮಾದರಿಯಲ್ಲಿ ರೂಪಿಸಿದ ಮಾರಾಟದ ಆಟವೊಂದನ್ನು ಮನಸಾರೆ ಒಪ್ಪಿಕೊಂಡವರಿಗೆ ಕೆಲಸ ಹಿತವೆನಿಸಿತು. ಒಪ್ಪದವರ ಮೇಲೆ ಅದೇ ಆಟ ಹೇರಿಕೆಯಾಗಿ ಬೇಸರ ಹುಟ್ಟಿಸಿತು. ಆ ಪ್ರಬಂಧಕ್ಕೆ ಅವರಿಟ್ಟ ಶೀರ್ಷಿಕೆಯ ಭಾವ ‘ಕಡ್ಡಾಯ ಮೋಜು’ ಎಂದು. ನಮ್ಮ ಪ್ರತಿನಿಧಿಗಳ ಪೈಕಿ ಎಷ್ಟು ಮಂದಿಗೆ ‘ಈ ಪಟ್ಟಿಯಲ್ಲಿ ನನ್ನ ಹೆಸರು ಬೇಡ’ ಎನ್ನುವ ಸ್ವಾತಂತ್ರ್ಯವಿದೆ?

ಹೇರಿಕೆಯ ಆಟ ಅವಮಾನದ ಸಾಧನವೂ ಆಗಬಹುದು. ಅಮೆರಿಕದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್ ಹೋಟೆಲುಗಳ ಲಾಂಡ್ರಿ ವಿಭಾಗದಲ್ಲಿ ಯಾರು ಎಷ್ಟು ವೇಗವಾಗಿ ದುಡಿಯುತ್ತಿದ್ದಾರೆ ಎಂಬುದನ್ನು ದೊಡ್ಡ ಪರದೆಗಳ ಮೇಲೆ ಬಣ್ಣಗಳ ಮೂಲಕ ತೋರಿಸಲಾಗುತ್ತಿತ್ತು. ಕಾರ್ಮಿಕರು ಅದನ್ನು ‘ವಿದ್ಯುನ್ಮಾನ ಚಾಟಿ’ ಎಂದು ಕರೆಯುತ್ತಿದ್ದರೆಂದು 2011ರಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ವರದಿ ಮಾಡಿತು. ಅಲ್ಲಿ ಪರದೆಯನ್ನು ನೋಡುತ್ತಿದ್ದವರು ಅಪರಿಚಿತ ಸಹೋದ್ಯೋಗಿಗಳಾದರೂ ಆಗಿರಬಹುದು. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇರುವವರು ಒಂದೇ ಕಾಲೇಜಿನಲ್ಲಿ ಓದಿದವರು, ಒಂದೇ ಓಣಿಯವರು.

ಆಟ ನ್ಯಾಯವಾಗಿರಬೇಕಾದರೆ ಸ್ಪರ್ಧಿಗಳು ಸಮಬಲರಾಗಿರಬೇಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಇದು ಗೊತ್ತು. ಅಖಾಡದ ಹಿರಿಯರು ಪೈಲ್ವಾನರ ಮೈಕಟ್ಟು, ವಯಸ್ಸು, ಪಳಗಿಕೆಗಳನ್ನು ತೂಗಿ ನೋಡಿ ಜೋಡಿ ಕಟ್ಟುತ್ತಾರೆ. ಎಳೆಯ ಹುಡುಗನನ್ನು ಪಳಗಿದ ಜಟ್ಟಿಯ ಎದುರು ನಿಲ್ಲಿಸಿದರೆ ನೋಡುವವರೇ ಒಪ್ಪುವುದಿಲ್ಲ. ಮಾರಾಟದ ಶ್ರೇಯಾಂಕ ಪಟ್ಟಿಗೆ ಇಂತಹ ವಿವೇಚನೆ ಇಲ್ಲ. ಹುಮನಾಬಾದ್ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಊರು. ಪುಣೆ, ಸೊಲ್ಲಾಪುರ ಕಡೆಯಿಂದ ಹೈದರಾಬಾದಿಗೆ ಹೋಗುವ 65ನೇ ಹೆದ್ದಾರಿಯನ್ನು ಬೀದರ್ ಮತ್ತು ಕಲಬುರ್ಗಿಗಳನ್ನು ಜೋಡಿಸುವ 50ನೇ ಹೆದ್ದಾರಿ ಅಲ್ಲಿ ಸಂಧಿಸುತ್ತದೆ. ಅಲ್ಲಿನ ಅಂಗಡಿಗಳಿಗೆ ದಿನವಿಡೀ ಗಿರಾಕಿ. ಅದೇ ಕಂಪನಿಯ ಇನ್ನೊಬ್ಬ ಪ್ರತಿನಿಧಿಯ ಪಾಲಿಗೆ ಮುಡಬಿ, ಮಂಠಾಳ, ಹುಲಸೂರ ಸುತ್ತಲಿನ ಹಳ್ಳಿಗಳ ‘ಬೀಟ್’ ಬಂದಿರುತ್ತದೆ. ಒಂದು ಅಂಗಡಿಗೂ ಇನ್ನೊಂದಕ್ಕೂ ನಡುವೆ ಹಲವು ಕಿಲೊಮೀಟರ್ ದೂರ. ಪೆಟ್ರೋಲ್ ಖರ್ಚು ಬೇರೆ. ಸಂಜೆಯ ಪಟ್ಟಿಯಲ್ಲಿ ಇಬ್ಬರ ಹೆಸರೂ ಒಂದರ ಕೆಳಗೊಂದು. ಹೆದ್ದಾರಿಯವನು ಜಾಣ, ಹಳ್ಳಿಯವನು ಸೋಮಾರಿ ಎಂಬ ತೀರ್ಪನ್ನು ಯಂತ್ರ ಕೊಟ್ಟಾಗಿರುತ್ತದೆ.

ಕಾಲದ ಲೆಕ್ಕವೂ ಹೀಗೆಯೇ. ಬೀದರ್ ಜಿಲ್ಲೆಯ ಬೇಸಾಯ ಹೆಚ್ಚಾಗಿ ಮಳೆಯನ್ನೇ ನಂಬಿದೆ. ಜೂನ್ ತಿಂಗಳ ಬಿತ್ತನೆಗೆ ಕೈಯಲ್ಲಿದ್ದ ಹಣವೆಲ್ಲ ಹೊಲಕ್ಕೆ ಹೋಗುತ್ತದೆ. ಹೆಸರು, ಉದ್ದು ಮಾರುಕಟ್ಟೆಗೆ ಬರುವುದು ಸೆಪ್ಟೆಂಬರ್ ಹೊತ್ತಿಗೆ. ಅದರ ಹಿಂದೆ ಸೋಯಾ. ತೊಗರಿಯ ರಾಶಿಯಾಗಲು ಡಿಸೆಂಬರ್, ಜನವರಿ ಆಗಬೇಕು. ಕಿರಾಣಿ ಅಂಗಡಿಯವನ ಉದರಿ ಪುಸ್ತಕ ತುಂಬುವುದೂ ಬರಿದಾಗುವುದೂ ಈ ಲಯದಲ್ಲಿ. ಆದರೆ ಕಂಪನಿಯ ಗುರಿ ತಿಂಗಳು, ತ್ರೈಮಾಸಿಕ, ಮಾರ್ಚ್ ಅಂತ್ಯ ಎಂಬ ಲಯದಲ್ಲಿ ಕುಣಿಯುತ್ತದೆ. ಆಗಸ್ಟಿನಲ್ಲಿ ಹಳ್ಳಿಯ ಅಂಗಡಿಗೆ ಸರಕು ಇಳಿಸಿ ಅಂಕ ಗಳಿಸಬೇಕಾದರೆ ಇರುವ ದಾರಿ ಒಂದೇ. ‘ಈಗ ಇಳಿಸಿಕೊಳ್ಳಿ, ಹಣ ಆಮೇಲೆ ನೋಡೋಣ’ ಎಂದು ಒಪ್ಪಿಸುವುದು. ತಿಂಗಳ ಕೊನೆಯಲ್ಲಿ ಬೇಡದ ಸರಕನ್ನು ಡೀಲರನ ಗೋದಾಮಿಗೆ ತುಂಬಿ, ಮುಂದಿನ ತಿಂಗಳು ಅದನ್ನು ಮರಳಿ ಪಡೆಯುವ ವಿದ್ಯೆ ಈ ವೃತ್ತಿಯಲ್ಲಿರುವ ಎಲ್ಲರಿಗೂ ತಿಳಿದದ್ದೇ. ಅಂಕ ಏರುತ್ತದೆ, ಪದಕವೂ ಬರುತ್ತದೆ. ಒಂದು ಪೊಟ್ಟಣವೂ ಗ್ರಾಹಕನ ಮನೆ ಸೇರಿರುವುದಿಲ್ಲ. ಅವಧಿ ಮೀರಿದ ಮಾಲು ಅಂಗಡಿಯ ಹಿಂದಿನ ಕೋಣೆಯಲ್ಲಿ ಧೂಳು ತಿನ್ನುತ್ತಿರುತ್ತದೆ.

ಈ ರೋಗ ಬೆಳೆದರೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ದೊಡ್ಡ ಉದಾಹರಣೆ. ಪ್ರತಿ ಗ್ರಾಹಕನಿಗೂ ಎಂಟು ಬಗೆಯ ಖಾತೆ, ಸೇವೆಗಳನ್ನು ಮಾರಬೇಕೆಂಬ ಘೋಷಣೆ, ಜನವರಿ ತಿಂಗಳಿಗೆ ವಿಶೇಷ ಮಾರಾಟ ಅಭಿಯಾನ ಇವೆಲ್ಲ ಅಲ್ಲಿ ಇದ್ದವು. ಗುರಿ ಮುಟ್ಟಲಾಗದ ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆಯೇ ಅವರ ಹೆಸರಿನಲ್ಲಿ ಖಾತೆ ತೆರೆಯತೊಡಗಿದರು. 2016ರ ಸೆಪ್ಟೆಂಬರ್‌ನಲ್ಲಿ ಹಗರಣ ಹೊರಬಿದ್ದಾಗ ಅಂತಹ ಖಾತೆಗಳು ಸುಮಾರು 20 ಲಕ್ಷ ಎಂದು ಅಂದಾಜಿಸಲಾಗಿತ್ತು. ಮರುವರ್ಷ ಅದು 35 ಲಕ್ಷಕ್ಕೆ ಏರಿತು. ಬ್ಯಾಂಕಿಗೆ ಮೊದಲು 18.5 ಕೋಟಿ ಡಾಲರ್ ದಂಡ ಬಿತ್ತು. 2020ರಲ್ಲಿ 300 ಕೋಟಿ ಡಾಲರ್ ಕೊಟ್ಟು ಅದು ಸರ್ಕಾರದೊಂದಿಗೆ ಇತ್ಯರ್ಥ ಮಾಡಿಕೊಂಡಿತು. ಹಗರಣ ಬಯಲಾಗುವ ಮೊದಲೇ ಕೆಲಸ ಕಳೆದುಕೊಂಡಿದ್ದ ಸುಮಾರು 5,300 ನೌಕರರ ಪೈಕಿ ಬಹುಪಾಲು ಮಂದಿ ಕೆಳಹಂತದವರು. ಆಟದ ನಿಯಮ ಬರೆದವರು ಬಹುಕಾಲ ಸುರಕ್ಷಿತವಾಗಿಯೇ ಇದ್ದರು.

ದೂರದ ಅಮೆರಿಕ ಏಕೆ, ನಮ್ಮ ರಾಜ್ಯದ ಕಿರುಸಾಲದ ಕಥೆಯನ್ನೇ ನೋಡಬಹುದು. ಸಾಲವೂ ಒಂದು ಸರಕು. ಅದನ್ನು ಮನೆ ಬಾಗಿಲಿಗೆ ಒಯ್ಯುವ ಕ್ಷೇತ್ರ ಸಿಬ್ಬಂದಿ ಒಂದರ್ಥದಲ್ಲಿ ಮಾರಾಟಗಾರರೇ. ಒಂದು ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತಿಗೆ ಹೋಗಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿತು. ಈ ಲೆಕ್ಕ ಹಾಕಬೇಕಾದರೆ ಮನೆಯವರ ಜೊತೆ ಕೂತು ಮಾತನಾಡಬೇಕು, ಬೇರೆ ಸಾಲ ಎಷ್ಟಿದೆ ಎಂದು ವಿಚಾರಿಸಬೇಕು, ಕೆಲವೊಮ್ಮೆ ‘ನಿಮಗೆ ಈಗ ಸಾಲ ಬೇಡ ಅಮ್ಮ’ ಎಂದು ಹೇಳಿ ಎದ್ದು ಬರಬೇಕು. ಎಷ್ಟು ಸಾಲ ಕೊಟ್ಟೆ, ಎಷ್ಟು ವಸೂಲಿ ಮಾಡಿದೆ ಎಂಬೆರಡಕ್ಕೆ ಮಾತ್ರ ಅಂಕವಿರುವ ಪಟ್ಟಿಯಲ್ಲಿ ಹೀಗೆ ಎದ್ದು ಬಂದ ಪ್ರಾಮಾಣಿಕನಿಗೆ ಸಿಗುವುದು ಸೊನ್ನೆ. ವಸೂಲಿಯ ಕಿರುಕುಳ ಮಿತಿಮೀರಿ ಆತ್ಮಹತ್ಯೆಗಳು ವರದಿಯಾದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷದವರೆಗಿನ ಸೆರೆವಾಸ, 5 ಲಕ್ಷ ರೂಪಾಯಿವರೆಗಿನ ದಂಡ ವಿಧಿಸಬೇಕಾಯಿತು. ಕಾನೂನು ಕೊನೆಯ ಹಂತವಾದ ವಸೂಲಿಯನ್ನು ಹಿಡಿಯುತ್ತದೆ. ಮೊದಲ ಹಂತದಲ್ಲಿರುವ ಟಾರ್ಗೆಟ್ ಅದರ ಕೈಗೆ ಸಿಗುವುದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆಟ ಕೆಟ್ಟಾಗ ನಷ್ಟ ಯಾರದು? ಮಹಾನಗರದಲ್ಲಿ ಮಾರುವವನೂ ಕೊಳ್ಳುವವನೂ ಪರಸ್ಪರ ಅಪರಿಚಿತರು. ಬಸವಕಲ್ಯಾಣದಲ್ಲಿ ಹಾಗಲ್ಲ. ಹೊಸದಾಗಿ ವಿಮಾ ಏಜೆಂಟನಾದ ಹುಡುಗ ಮೊದಲ ಪಾಲಿಸಿಗಳನ್ನು ಮಾರುವುದು ಸೋದರಮಾವನಿಗೆ, ಅಕ್ಕನ ಗಂಡನಿಗೆ, ತನಗೆ ಪಾಠ ಹೇಳಿದ ಮೇಷ್ಟರಿಗೆ. ಅವರು ಕೊಳ್ಳುವುದು ಪಾಲಿಸಿಯನ್ನು ಓದಿ ನೋಡಿ ಅಲ್ಲ. ‘ನಮ್ಮ ಹುಡುಗ’ ಎಂದು. ಕಂಪನಿಗೆ ಸಣ್ಣ ಊರುಗಳ ಯುವಕರು ಬೇಕಾಗುವುದೂ ಇದೇ ಕಾರಣಕ್ಕೆ. ಅವರ ಸಂಬಳದ ಜೊತೆಗೆ ಅವರ ಬಂಧುಬಳಗದ ವಿಶ್ವಾಸವೂ ಉಚಿತವಾಗಿ ದೊರೆಯುತ್ತದೆ. ವರ್ಷವೋ ಎರಡು ವರ್ಷವೋ ಕಳೆದು, ಗುರಿ ಮುಟ್ಟಲಾಗದೆ ಹುಡುಗ ಕೆಲಸ ಬಿಡುತ್ತಾನೆ. ಕಂಪನಿ ಬೇರೊಬ್ಬನನ್ನು ಹುಡುಕಿಕೊಳ್ಳುತ್ತದೆ. ಎರಡನೇ ಕಂತು ಕಟ್ಟಲಾಗದೆ ಪಾಲಿಸಿ ಕಳೆದುಕೊಂಡ ಮಾವ ಮಾತ್ರ ಅದೇ ಓಣಿಯಲ್ಲಿ ಇರುತ್ತಾನೆ, ಹುಡುಗನೂ ಅಲ್ಲಿಯೇ ಇರಬೇಕು. ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಮುಖ ನೋಡಬೇಕು. ಧರ್ಮರಾಯ ಜೂಜಿನಲ್ಲಿ ತಮ್ಮಂದಿರನ್ನೂ ದ್ರೌಪದಿಯನ್ನೂ ಪಣಕ್ಕಿಟ್ಟಾಗ ತುಂಬಿದ ಸಭೆಯಲ್ಲಿ ಎದ್ದ ಪ್ರಶ್ನೆ, ಪಣಕ್ಕಿಡಲು ಅವನಿಗಿದ್ದ ಅಧಿಕಾರವೇನು ಎಂಬುದು. ಹುಡುಗನೊಬ್ಬನಿಗೆ ಊರಿನಲ್ಲಿರುವ ಹೆಸರನ್ನು ಆಟಕ್ಕೆ ಹೂಡುವ ಕಂಪನಿಯನ್ನೂ ಅದೇ ಪ್ರಶ್ನೆ ಕೇಳಬೇಕಾಗುತ್ತದೆ.

ಹಾಗಾದರೆ ಲೆಕ್ಕವೇ ಬೇಡವೆ? ಬೇಕು, ಆದರೆ ಯಾವುದನ್ನು ಎಣಿಸಬೇಕು ಎಂಬುದರಲ್ಲಿ ಎಚ್ಚರವಿರಬೇಕು. ಇದಕ್ಕೆ ಒಳ್ಳೆಯ ಮಾದರಿ ವಿಮಾ ವ್ಯವಹಾರದಲ್ಲಿಯೇ ಇದೆ. ಮಾರಿದ ಪಾಲಿಸಿಗಳಲ್ಲಿ ಎಷ್ಟು ಇನ್ನೂ ಜೀವಂತವಾಗಿವೆ ಎಂಬುದನ್ನು 13ನೇ ತಿಂಗಳು, 25ನೇ ತಿಂಗಳು, ಹೀಗೆ 61ನೇ ತಿಂಗಳವರೆಗೆ ಲೆಕ್ಕ ಹಾಕುವ ಪದ್ಧತಿ ಅಲ್ಲಿದೆ. ಪಾಲಿಸಿದಾರ ಕಂತು ಕಟ್ಟುತ್ತಿರುವವರೆಗೆ ಏಜೆಂಟನಿಗೆ ನವೀಕರಣ ಕಮಿಷನ್ ಬರುತ್ತಿರುತ್ತದೆ. ಹಳೆಯ ಏಜೆಂಟರು ಅದನ್ನು ತಮ್ಮ ಪಿಂಚಣಿ ಎಂದೇ ಭಾವಿಸುತ್ತಾರೆ. ಮಗಳ ಮದುವೆಯ ಹೊತ್ತಿಗೆ ಪಾಲಿಸಿ ಕೈಗೆ ಬರುವಂತೆ ಅವಧಿ ಹೊಂದಿಸುವುದು, ಕಂತಿನ ದಿನವನ್ನು ನೆನಪಿಸಲು ಮನೆಗೇ ಹೋಗುವುದು, ಮರಣ ಪರಿಹಾರದ ಕಾಗದಪತ್ರ ತುಂಬಿಕೊಡುವುದು ಇವೆಲ್ಲ ಆ ಲೆಕ್ಕದಿಂದ ಬೆಳೆದ ಅಭ್ಯಾಸಗಳು. ಮೊದಲ ದಿನದ ಮಾರಾಟವನ್ನು ಮಾತ್ರ ಎಣಿಸುವ ಆಟ ಮಾರಾಟಗಾರನನ್ನು ಬೇಟೆಗಾರನನ್ನಾಗಿಸುತ್ತದೆ. ಐದನೇ ವರ್ಷವನ್ನು ಎಣಿಸುವ ಆಟ ಅವನನ್ನು ಒಕ್ಕಲಿಗನನ್ನಾಗಿಸುತ್ತದೆ.

‘ಇಷ್ಟು ಸಾಕು’ ಎನ್ನುವ ಮಾತು ಬಸವಕಲ್ಯಾಣಕ್ಕೆ ಹೊಸದಲ್ಲ. ಚಾಲುಕ್ಯರ ರಾಜಧಾನಿಯಾಗಿ ಮೆರೆದ ಈ ಊರು ಅಯ್ಯಾವೊಳೆ ಐನೂರ್ವರಂತಹ ವರ್ತಕ ಸಂಘಗಳು ದಕ್ಷಿಣ ಭಾರತದುದ್ದಕ್ಕೂ ಹರಡಿದ್ದ ಕಾಲದ ನಗರ. ಆ ವರ್ತಕರು ತಮ್ಮ ಶಾಸನಗಳಲ್ಲಿ ಲಾಭದ ಜೊತೆಗೆ ‘ಬಣಂಜು ಧರ್ಮ’ವನ್ನೂ ಹೇಳಿಕೊಂಡರು. ಅದೇ ಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ ಇದ್ದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಗಂಡನಿಗೆ ಹೇಳಿದಳು ಎಂಬ ಪ್ರಸಂಗ ಶರಣರ ಕಥೆಗಳಲ್ಲಿ ಪ್ರಸಿದ್ಧ. ಇಂದಿನ ಶ್ರೇಯಾಂಕ ಪಟ್ಟಿಯಲ್ಲಿ ಮಾರಯ್ಯ ಅಂದು ಮೊದಲ ಸ್ಥಾನದಲ್ಲಿರುತ್ತಿದ್ದ. ಲಕ್ಕಮ್ಮ ಕೇಳಿದ್ದು ಎಷ್ಟು ತಂದೆ ಎಂದಲ್ಲ, ನಮಗೆ ಬೇಕಾದದ್ದಕ್ಕಿಂತ ಹೆಚ್ಚು ಏಕೆ ತಂದೆ ಎಂದು. ಅಂತಹ ಪ್ರಶ್ನೆಗೆ ಅಂಕ ಕೊಡುವ ಯಂತ್ರ ಇನ್ನೂ ಬಂದಿಲ್ಲ.

ಇಲ್ಲೊಂದು ಎಚ್ಚರವೂ ಅಗತ್ಯ. ಕಾಯಕದ ಮಾತನ್ನು ಕಂಪನಿಗಳ ತರಬೇತಿ ಶಿಬಿರಗಳು ಸುಲಭವಾಗಿ ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳಬಲ್ಲವು. ಕೆಲಸವೇ ಪೂಜೆ, ಆದ್ದರಿಂದ ಸಂಬಳದ ಮಾತೆತ್ತಬೇಡಿ ಎನ್ನುವುದು ಶರಣರ ಅಭಿಪ್ರಾಯವಲ್ಲ. ಲಕ್ಕಮ್ಮನದು ತಾನೇ ತನಗೆ ಹಾಕಿಕೊಂಡ ಮಿತಿ. ಒಡೆಯ ಆಳಿನ ಮೇಲೆ ಹೇರಿದ್ದಲ್ಲ. ಪದಕವಾಗಲಿ, ಪುರಾತನರ ಹೆಸರಾಗಲಿ ನ್ಯಾಯವಾದ ವೇತನಕ್ಕೆ ಬದಲಿಯಾಗಲಾರದು. ಔಷಧ ಕಂಪನಿಗಳ ಪ್ರತಿನಿಧಿಗಳ ಹೋರಾಟದ ಫಲವಾಗಿ ಮಾರಾಟ ಪ್ರವರ್ತನಾ ನೌಕರರ ಸೇವಾ ಷರತ್ತುಗಳ ಕಾಯ್ದೆ 1976ರಲ್ಲಿ ಬಂತು. 2011ರಲ್ಲಿ ಅದನ್ನು ಸಾಬೂನು, ಬಿಸ್ಕತ್ತು, ಬಣ್ಣ ಮುಂತಾದ ಉದ್ಯಮಗಳಿಗೂ ವಿಸ್ತರಿಸಲಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಈಗ ಅದು ಅಡಕವಾಗಿದೆ. ಆದರೆ ತಾಲ್ಲೂಕು ಮಟ್ಟದಲ್ಲಿ ಅನೇಕ ಹುಡುಗರು ಕಂಪನಿಯ ನೌಕರರೇ ಅಲ್ಲ. ವಿತರಕರ ಬಳಿಯೋ ಮಧ್ಯವರ್ತಿ ಸಂಸ್ಥೆಯ ಹೆಸರಿನಲ್ಲೋ ದುಡಿಯುವವರು. ಕಂಪನಿಯ ಶ್ರೇಯಾಂಕ ಪಟ್ಟಿಯಲ್ಲಿ ಅವರ ಹೆಸರಿದೆ, ಸಂಬಳದ ಪಟ್ಟಿಯಲ್ಲಿಲ್ಲ.

ಆಟದ ನಿಯಮಗಳನ್ನು ಆಡುವವರಿಗೆ ತಿಳಿಸಬೇಕು ಎಂಬ ತತ್ವವನ್ನು ನಮ್ಮ ರಾಜ್ಯ ಈಗಾಗಲೇ ಒಂದು ವರ್ಗದ ದುಡಿಮೆಗಾರರ ವಿಷಯದಲ್ಲಿ ಒಪ್ಪಿಕೊಂಡಿದೆ. 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ, ಕಾರ್ಮಿಕರ ಮೇಲೆ ನಿಗಾ ಇಡುವ, ಅವರ ಬಗ್ಗೆ ತೀರ್ಮಾನ ಕೈಗೊಳ್ಳುವ ಸ್ವಯಂಚಾಲಿತ ವ್ಯವಸ್ಥೆಗಳ ಕುರಿತು ಕಂಪನಿಗಳು ಪಾರದರ್ಶಕವಾಗಿರಬೇಕು. ಊಟ ತಲುಪಿಸುವ ಹುಡುಗನಿಗೆ ಸಲ್ಲುವ ಈ ನ್ಯಾಯ ಸಾಬೂನು ಮಾರುವ ಹುಡುಗನಿಗೂ ಸಲ್ಲಬೇಡವೆ?

ಕಾನೂನಿಗಾಗಿ ಕಾಯದೆ ಮಾರಾಟ ವ್ಯವಸ್ಥಾಪಕರು ತಾವೇ ಮಾಡಬಹುದಾದದ್ದು ಸಾಕಷ್ಟಿದೆ. ಆಟಕ್ಕೆ ಸೇರುವುದು, ಬಿಡುವುದು ಪ್ರತಿನಿಧಿಯ ಇಚ್ಛೆಗೆ ಬಿಟ್ಟದ್ದಾಗಿರಲಿ. ಒಬ್ಬನನ್ನು ಇನ್ನೊಬ್ಬನ ಜೊತೆ ತೂಗುವ ಬದಲು ಅವನ ಕಳೆದ ವರ್ಷದ ಇದೇ ತಿಂಗಳ ಜೊತೆ ತೂಗಲಿ. ಆಗ ಹೆದ್ದಾರಿಗೂ ಹಳ್ಳಿಗೂ, ಬಿತ್ತನೆಗೂ ಸುಗ್ಗಿಗೂ ಇರುವ ಅಂತರ ತಾನಾಗಿಯೇ ಸರಿಹೋಗುತ್ತದೆ. ಹೊಗಳಿಕೆ ಎಲ್ಲರೆದುರಿಗಿರಲಿ, ತಿದ್ದುಪಡಿ ಒಬ್ಬನೆದುರಿಗೆ ನಡೆಯಲಿ. ಬಹುಮಾನವನ್ನು ತಂಡಕ್ಕೆ ಹಂಚಿದರೆ, ಅನುಭವಿಯೊಬ್ಬ ಹೊಸಬನಿಗೆ ತನ್ನ ಬೀಟಿನ ಗುಟ್ಟು ಹೇಳಿಕೊಡಲು ಹಿಂಜರಿಯುವುದಿಲ್ಲ. ಮರಳಿ ಬಂದ ಸರಕಿಗೆ, ರದ್ದಾದ ಪಾಲಿಸಿಗೆ ಅಂಕ ಕಳೆಯಲಿ. ‘ಇದು ನಿಮಗೆ ಬೇಡ’ ಎಂದು ಗ್ರಾಹಕನಿಗೆ ನಿಜ ಹೇಳಿದ್ದಕ್ಕೆ ಯಾರೂ ಶಿಕ್ಷೆ ಅನುಭವಿಸದಿರಲಿ.

ಮುಂದಿನ ತಿಂಗಳ ಒಂದನೇ ತಾರೀಖು ಹೊಸ ಪಟ್ಟಿ ಸಿದ್ಧವಾಗುತ್ತದೆ. ಅದಕ್ಕೆ ಇನ್ನೊಂದೇ ಒಂದು ಅಂಕಣ ಸೇರಿಸಿ ನೋಡಬಹುದು: ಪ್ರತಿನಿಧಿ ಕೇಳದೆಯೇ, ತಾವಾಗಿ ಫೋನ್ ಮಾಡಿ ಮತ್ತೆ ಸರಕು ತರಿಸಿಕೊಂಡ ಅಂಗಡಿಗಳೆಷ್ಟು? ಮುಡಬಿಯ ಕಡೆ ತಿರುಗುವ ಹುಡುಗನ ಹೆಸರು ಆಗ ಪಟ್ಟಿಯ ಬುಡದಲ್ಲಿಯೇ ಇರುತ್ತದೆಂದು ಹೇಳಲಾಗದು.